ಗ್ಲೌಸ್ ಹಾಕಿಕೊಂಡಂತೆ ಭಾವಿಸಿದ ಮಕ್ಕಳು

ಪಾಠ ವೀಕ್ಷಣೆಯ ಮೇಲ್ವಿಚಾರಕರೇ,

ರಾತ್ರಿ ಎರಡು ಗಂಟೆಗೆ, ಪಕ್ಕದಲ್ಲಿ ಮಲಗಿದ್ದ ಮಗಳು ಬೆರಳು ಚೀಪುವ ಸದ್ದಿಗೆ ಎಚ್ಚರವಾಯಿತು. ದೀಪ ಹಾಕಿ ಆ ಬೆರಳನ್ನು ಪರೀಕ್ಷಿಸಿದೆ. ಬರೀ ಎಂಜಲು. ಆದರೂ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಮೊದಲ ಪಿರಿಯಡ್‌ನಲ್ಲಿ ಆರನೇ ತರಗತಿಯ ಮಕ್ಕಳ ಕೈಗೆ ವಿಷ ಲೇಪಿಸಿದ ಬೀಜ ಮತ್ತೆ ಹೋಗಲಿದೆ, ಅದೂ ತಮ್ಮ ಅಪ್ಪಣೆಯ ಮೇರೆಗೆ. ಆದ್ದರಿಂದ ನಮ್ಮ ಶಿಕ್ಷಕ ವಿದ್ಯಾರ್ಥಿಗಳೂ ತಾವೂ ಇರುವ ಫೋನಿನ ಗುಂಪಿನಲ್ಲೇ ಇದನ್ನು ಹಾಕುತ್ತಿದ್ದೇನೆ.

ಕೃಷಿ ಪಾಠ ಕಲಿಸಲು ಕಲಿಯುತ್ತಿರುವ ನಾವು ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂರಬೇಕೆಂಬುದು ತಾವು ಮಾಡಿದ ಏರ್ಪಾಡು. ಒಳ್ಳೆಯದೇ. ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು, ತುಟಿ ಬಿಚ್ಚಬಾರದು. ಅದಕ್ಕೂ ಮುನ್ನ ಕಾಲೇಜಿನಲ್ಲಿ ನಾವೇ ಮಕ್ಕಳಾಗಿ ತಾಲೀಮು ನಡೆಸುತ್ತೇವೆ. ಅಲ್ಲಿ ಗ್ಲೌಸ್ ಇರುವುದಿಲ್ಲ. "ಹಾಕ್ಕೊಂಡಂಗೆ ಭಾವಿಸಿ" ಎಂದರೆ ಸಾಕು, ನಾವು ಬರಿಗೈಗೆ ಗಾಳಿ ಏರಿಸಿಕೊಂಡು ಕೂರುತ್ತೇವೆ. ಅದಕ್ಕೂ ಅಂಕ ಬೀಳುತ್ತದೆ.

ನಿನ್ನೆ ನನ್ನ ಜೊತೆಗಾತಿ ಬೀಜ ಮೊಳಕೆ ಪರೀಕ್ಷೆಯ ಪಾಠ ಮಾಡಿದಳು. ತಾವು ಒಪ್ಪಿದ ಯೋಜನೆಯಲ್ಲಿ ಬೂಷ್ಟು ಹಿಡಿಯದಂತೆ ಔಷಧಿ ಲೇಪಿಸಿದ ಗುಲಾಬಿ ಬಣ್ಣದ ಜೋಳವೂ ಇತ್ತು, ಗ್ಲೌಸೂ ಇತ್ತು. ಶಾಲೆಗೆ ಬಂದದ್ದು ಜೋಳ ಮಾತ್ರ. ಗಾಬರಿಯಲ್ಲಿ ಅವಳು ತಾಲೀಮಿನ ಮಾತನ್ನೇ ಆಡಿದಳು: "ಎಲ್ಲರೂ ಗ್ಲೌಸ್ ಹಾಕ್ಕೊಂಡಂಗೆ ಭಾವಿಸಿ." ಪಾಪ, ಮಕ್ಕಳು ಎಷ್ಟು ಶ್ರದ್ಧೆಯಿಂದ ಭಾವಿಸಿದರು. ಒಬ್ಬ, "ಟೀಚರ್, ನಂದು ಬಿಗಿ ಆಯ್ತು" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಬೀಜ ಜೋಡಿಸಲು ಒದ್ದೆ ಕಾಗದ ಬೇಕು. ಇನ್ನೂ ನೆನೆಸದ ಕಾಗದಗಳು ಒಂದಕ್ಕೊಂದು ಅಂಟಿದ್ದವು. ನನ್ನ ಮುಂದಿದ್ದ ಹುಡುಗಿ ಅವನ್ನು ಬಿಡಿಸಲು, ನಾವೆಲ್ಲ ಮಾಡುವಂತೆ, ಬೆರಳಿಗೆ ಎಂಜಲು ಹಚ್ಚಲು ಹೊರಟಳು. ಬೆರಳ ತುದಿ ಪೂರ್ತಿ ಗುಲಾಬಿ. ನಾನು ಎದ್ದು ಕೈ ಹಿಡಿದೆ. "ಕೈ ತೊಳ್ಕೊಂಡು ಬಾ ಪುಟ್ಟಿ" ಎಂದೆ. ವೀಕ್ಷಕಿ ಬಾಯಿ ಹಾಕಿದಳೆಂದು, ಅಷ್ಟಕ್ಕೇ ಪಾಠ ರದ್ದಾಯಿತು.

ತಾವು ಕರೆಸಿ ಹೇಳಿದಿರಿ: "ನೋಡಮ್ಮಾ, ವೀಕ್ಷಕಿ ಅಂದ್ರೆ ಕಣ್ಣು, ಕೈಯಲ್ಲ. ಮಗೂಗೆ ಏನೂ ಆಗ್ಲಿಲ್ವಲ್ಲ." ಆಗಲಿಲ್ಲ, ನಿಜ. ಆಗಿದ್ದರೆ ನನ್ನ ವೀಕ್ಷಣೆ ಪರಿಪೂರ್ಣವಾಗುತ್ತಿತ್ತೇ? ಅಂಕ ಕೊಡುವಾಗ ಅನ್ಯಾಯವಾಗದಿರಲೆಂದು ಅದೇ ಪಾಠ, ಅದೇ ಸಾಮಗ್ರಿ, ಒಂದಿಷ್ಟೂ ಬದಲಿಲ್ಲದೆ ಮರುದಿನ ಮತ್ತೆ ನಡೆಯಬೇಕೆಂದಿರಿ. ನನ್ನ ಜಾಗಕ್ಕೆ ಸುಮ್ಮನಿರಬಲ್ಲ ಇನ್ನೊಬ್ಬರನ್ನು ನೇಮಿಸಿದಿರಿ. ಗ್ಲೌಸ್ ಬಗ್ಗೆ ಕೇಳಿದ್ದಕ್ಕೆ, "ತರಿಸೋಣ, ಮುಂದಿನ ವರ್ಷ" ಎಂದಿರಿ. ಅಲ್ಲಿಯವರೆಗೆ ಯಾರ ಮಕ್ಕಳು ಭಾವಿಸುತ್ತಿರಬೇಕು?

ನಿನ್ನೆ ಸಂಜೆಯೇ ಜೊತೆಗಾತಿಗೆ ಫೋನ್ ಮಾಡಿದೆ. "ನೀನು ಎದ್ದು ನಿಂತು ಒಂದ್ಸಲ ಮುಳುಗಿಸಿದೀಯ ಕಣೇ. ಬೀಜ ಬದಲಾಯಿಸಿದ್ರೆ ಫೇಲ್ ಅಂದಿದಾರೆ. ನಾನೇನು ಮಾಡ್ಲಿ ಹೇಳು" ಎಂದು ಅತ್ತಳು. ಅವಳನ್ನು ಬೈಯಲು ಮನಸ್ಸಾಗಲಿಲ್ಲ. ಆಮೇಲೆ ಕೇಳಿಕೊಂಡಾಗ ಶಾಲೆಯ ಮುಖ್ಯೋಪಾಧ್ಯಾಯಿನಿ ಇನ್ನೂ ಚುಟುಕಾಗಿ ಹೇಳಿದರು: "ಸಾಹೇಬರ ಬಾಯಿಂದ ಒಂದು ಮಾತು ಬರ್ಲಿ, ಬೀಜದ ಡಬ್ಬ ಈಗ್ಲೇ ಬೀಗ ಹಾಕಿ ಇಡ್ತೀನಿ. ನೀವು ಹೇಳಿದ್ರೆ ಹೇಗಮ್ಮ?"

ನಾನು ಹೇಳಿದರೆ ಆಗುವುದಿಲ್ಲ. ನನಗೂ ಅದು ಅರ್ಥವಾಗಿದೆ. ನನ್ನ ವೀಕ್ಷಣೆಯ ಅಂಕಗಳನ್ನು ತಾವೇ ಇಟ್ಟುಕೊಳ್ಳಿ, ಬೇಕಿದ್ದರೆ ಈ ವರ್ಷವನ್ನೂ. ಅಡುಗೆಮನೆಯ ಹೆಸರುಕಾಳು ಕೂಡ ಒದ್ದೆ ಕಾಗದದಲ್ಲಿ ಮೊಳೆಯುತ್ತದೆ. ಅದನ್ನು ಬಳಸಿದರೆ ಜೊತೆಗಾತಿಯ ಅಂಕ ಕತ್ತರಿಸುವುದಿಲ್ಲವೆಂದು ತಾವು ಹೇಳಿದರೆ ಸಾಕು. ಮುಖ್ಯೋಪಾಧ್ಯಾಯಿನಿ ಫೋನನ್ನು ತಲೆದಿಂಬಿನ ಬಳಿಯೇ ಇಟ್ಟುಕೊಂಡಿರುತ್ತೇನೆಂದು ಮಾತು ಕೊಟ್ಟಿದ್ದಾರೆ. ಹೊತ್ತಲ್ಲದ ಹೊತ್ತು ಎಂದು ಸಂಕೋಚಪಡಬೇಡಿ. ಮಕ್ಕಳು ಶಾಲೆಗೆ ಹೊರಡುವ ಮೊದಲು, ದಯವಿಟ್ಟು, ಮುಖ್ಯೋಪಾಧ್ಯಾಯಿನಿಗೊಂದು ಫೋನ್ ಮಾಡಿ.

ಇಂತಿ,
ಹಿಂದಿನ ಬೆಂಚಿಗೂ ನಾಲಾಯಕ್ಕಾದ ಒಬ್ಬ ತಾಯಿ