ಹಳೆ ಪಿಕಪ್ಪಿನ ಗೇರು, ತಮ್ಮ ಒಂದು ಸಾಲಿನ ಷರಾ

ಮಾನ್ಯ ಮೋಟಾರು ವಾಹನ ನಿರೀಕ್ಷಕರೇ,

ಹೋದ ತಿಂಗಳು ತಮ್ಮ ಕಚೇರಿಯ ಆವರಣದಲ್ಲಿ ನನ್ನ ಹಳೆ ಪಿಕಪ್ ಗಾಡಿಯನ್ನು ಪರೀಕ್ಷಿಸಿದ ತಾವು, ‘ಅಳವಡಿಸಿರುವ ಗೇರ್ ವ್ಯವಸ್ಥೆಯನ್ನು ಸಾಮಾನ್ಯ ಚಾಲಕರು ನಿರ್ವಹಿಸುವುದು ಅಸಾಧ್ಯ, ಅನುಮತಿ ನಿರಾಕರಿಸಿದೆ’ ಎಂದು ಷರಾ ಬರೆದಿರಿ. ಅಂದಿನಿಂದ ಗಾಡಿ ಮದಕರಿಪುರದಲ್ಲಿ ನಮ್ಮ ಕುರಿಹಟ್ಟಿಯ ಮುಂದೆ ನಿಂತಿದೆ. ತಮ್ಮ ಷರಾ ಸುಳ್ಳೆಂದು ನಾನು ಹೇಳುವುದಿಲ್ಲ. ಅಂದು ಮೊದಲು ಆ ಗಾಡಿ ಹತ್ತಿದ ಚಾಲಕರ ಮಟ್ಟಿಗೆ ಅದು ಅಕ್ಷರಶಃ ನಿಜ. ಆ ಚಾಲಕರು ತಾವೇ ಆಗಿದ್ದಿರಿ ಎಂಬುದನ್ನು ಬರೆಯಲು ಮಾತ್ರ ಮರೆತಿರಿ.

ಈ ಬಹಿರಂಗ ಪತ್ರ ನೋಡುವ ಪತ್ರಿಕೆಯ ಓದುಗರಿಗೆ ಹಿಂದಿನ ಕಥೆ ಗೊತ್ತಿರುವುದಿಲ್ಲವಾದ್ದರಿಂದ ಹೇಳುತ್ತೇನೆ. ಗಾಡಿ ನಮ್ಮಪ್ಪನ ಕಾಲದ್ದು, ನನಗಿಂತ ಎರಡೇ ವರ್ಷ ಚಿಕ್ಕದು. ಹಿರಿಯೂರು, ಹೊಸದುರ್ಗದ ಸಂತೆಗಳಿಗೆ ಕುರಿ, ಉಣ್ಣೆ ಹೊತ್ತು ಸವೆದಿದೆ. ಆರು ವರ್ಷದ ಕೆಳಗೆ ನಾನೇ ಸಾಕಿದ ಟಗರೊಂದು ಹಿಂದಿನಿಂದ ಬಂದು ನನ್ನ ಎಡ ಮೊಣಕಾಲಿಗೆ ಗುದ್ದಿತು. ಇನ್ನು ಕ್ಲಚ್ ತುಳಿಯುವ ಆಸೆ ಬಿಡಿ ಎಂದರು ಡಾಕ್ಟರು. ಗಾಡಿ ಬಿಡಲು ಮನಸ್ಸಾಗಲಿಲ್ಲ. ಹೊಳಲ್ಕೆರೆಯ ಮೆಕ್ಯಾನಿಕ್ ಹನುಮೇಶ್ ಗುಜರಿಗೆ ಬಂದಿದ್ದ ಕಾರೊಂದರಿಂದ, ತಾನೇ ಗೇರ್ ಹಾಕಿಕೊಳ್ಳುವ ಆಟೋಮ್ಯಾಟಿಕ್ ಪೆಟ್ಟಿಗೆ ತಂದು ಕೂರಿಸಿದ. ತಮ್ಮ ಕಚೇರಿಯೂ ‘ಅಂಗವಿಕಲ ಮಾಲೀಕರಿಗಾಗಿ ಮಾರ್ಪಡಿಸಿದ ವಾಹನ’ ಎಂದು ಮುದ್ರೆ ಒತ್ತಿ ಕೊಟ್ಟಿತು. ಅದಕ್ಕೆ ನಾನು ಇವತ್ತಿಗೂ ಋಣಿ.

ಹೋದ ಬೇಸಿಗೆಯಲ್ಲಿ ಆ ಪೆಟ್ಟಿಗೆ ಸತ್ತಿತು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ‘ಹಳೇ ಗೇರ್‌ಬಾಕ್ಸ್ ಏನಾತಣ್ಣ?’ ಅಂದ ಹನುಮೇಶ್. ಅದು ಉಣ್ಣೆ ಚೀಲಗಳ ಕೆಳಗೆ ಭದ್ರವಾಗಿತ್ತು. ಆದರೆ ಅದನ್ನು ಹಾಕಿದರೆ ಕ್ಲಚ್ ತುಳಿಯಬೇಕು. ತುಳಿಯುವ ಕಾಲು ನನಗಿಲ್ಲ. ಆಗ ನನ್ನ ಹೆಂಡತಿ ಚಂದ್ರಕ್ಕ, ‘ನಂಗೆ ಎರಡು ಕಾಲೂ ನೆಟ್ಟಗೆ ಅವೆ. ಹಾಕಪ್ಪ ಹನುಮೇಶ, ನಾನು ಓಡಿಸ್ತೀನಿ’ ಅಂದಳು. ಅವಳಿಗೆ ಐವತ್ತೆಂಟು. ಅದುವರೆಗೆ ಆ ಗಾಡಿಯಲ್ಲಿ ಅವಳ ಜಾಗ ಎಡಗಡೆಯ ಸೀಟು.

ಮೂರು ದಿನ ಕೆಲಸ ನಡೆಯಿತು. ಹನುಮೇಶ್ ಕ್ಲಚ್ ಪೆಡಲಿನ ತೂತಿಗೆ ಬಡಿದಿದ್ದ ತಗಡು ಕಿತ್ತು, ಹಳೆ ಗೇರ್‌ಬಾಕ್ಸ್ ಕೂರಿಸಿದ. ಚಂದ್ರಕ್ಕ ಪಾನಾ ಎತ್ತಿಕೊಡುತ್ತಾ, ಇದು ಯಾಕೆ, ಅದು ಯಾಕೆ ಎಂದು ಕೇಳುತ್ತಾ ಪಕ್ಕದಲ್ಲೇ ಇದ್ದಳು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿತು ಲೈಸೆನ್ಸನ್ನೂ ಪಡೆದಳು. ಅದಕ್ಕೆ ಸಹಿ ಹಾಕಿದ್ದೂ ತಮ್ಮ ಕಚೇರಿಯೇ. ಆದರೆ ನಮ್ಮ ಗಾಡಿಯ ಗೇರು ಹಳೆ ಕಾಲದ್ದು. ಪ್ರತಿ ಸಲ ಬದಲಾಯಿಸುವಾಗಲೂ ಕ್ಲಚ್ಚನ್ನು ಎರಡು ಬಾರಿ ತುಳಿಯಬೇಕು, ಇಲ್ಲವಾದರೆ ಕಲ್ಲು ಅರೆದಂತೆ ಸದ್ದು ಮಾಡುತ್ತದೆ. ಊರಾಚೆಯ ಬೀಳು ಹೊಲದಲ್ಲಿ ಅವಳಿಗೆ ಕಲಿಸಲು ಕೂತ ನಾನು ಒಂದೊಂದು ಸದ್ದಿಗೂ ಕೂಗಾಡಿದೆ. ಅವಳು ಎಂಜಿನ್ ಆರಿಸಿ, ‘ಇಳಿದು ಆ ಹುಣಸೆಮರದ ಬುಡಕ್ಕೆ ಕುಂತ್ಕ. ನೀನು ಸುಮ್ನಿದ್ರೆ ನಾನು ಕಲೀತೀನಿ’ ಅಂದಳು. ಇಳಿದೆ. ನಾಲ್ಕು ದಿನ ಮರದ ಕೆಳಗೆ ಕೂತು ಆ ಸದ್ದು ಕೇಳಿದೆ. ಐದನೆಯ ದಿನ ಸದ್ದು ನಿಂತಿತು. ನಿಜ ಹೇಳಬೇಕೆಂದರೆ, ಖುಷಿಗಿಂತ ಮೊದಲು ನನಗೆ ಹೊಟ್ಟೆ ಉರಿಯಿತು. ಆ ಗಾಡಿ ನನ್ನನ್ನು ಬಿಟ್ಟರೆ ಬೇರಾರ ಕೈಯಲ್ಲೂ ಓಡುವುದಿಲ್ಲ ಎಂದು ನಲವತ್ತು ವರ್ಷ ನಂಬಿದ್ದವನು ನಾನು.

ಇಷ್ಟಾದ ಮೇಲೆ, ಗೇರ್ ಬದಲಾವಣೆಗೆ ಅನುಮತಿ ಕೋರುವ ಅರ್ಜಿ ಹಿಡಿದು ತಮ್ಮಲ್ಲಿಗೆ ಬಂದೆವು. ತಾವು ಕಡತ ನೋಡಿ ಕೇಳಿದಿರಿ: ‘ಗಾಡಿ ನಿಮ್ಮ ಹೆಸರಲ್ಲೈತೆ. ನೀವೇ ಓಡಿಸೋಕಾಗಲ್ಲ ಅಂದ್ಮೇಲೆ ಈ ಗಾಡಿ ಯಾಕ್ರಿ?’ ಮಾನ್ಯರೇ, ಟಗರು ಗುದ್ದಿದಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ. ತಮ್ಮ ಕಚೇರಿಯ ಜೀಪನ್ನು ಅದರ ಮಾಲೀಕರಾದ ಸರ್ಕಾರದವರೇ ಬಂದು ಓಡಿಸುತ್ತಾರೆಯೇ? ಅದಕ್ಕೊಬ್ಬ ಡ್ರೈವರ್ ಇಲ್ಲವೇ? ನನಗೂ ಒಬ್ಬಳು ಇದ್ದಾಳೆ.

ಆಮೇಲೆ ತಾವು ಖುದ್ದಾಗಿ ಗಾಡಿ ಹತ್ತಿದಿರಿ. ಮೊದಲ ಸಲ ಎಂಜಿನ್ ಆಫ್ ಆಯಿತು. ಎರಡನೆಯ ಸಲ ಗಾಡಿ ಕಪ್ಪೆಯಂತೆ ಕುಪ್ಪಳಿಸಿ ನಿಂತಿತು. ಮೂರನೆಯ ಸಲ ಎಂಜಿನ್ ಆಫ್ ಆಗುವ ಮುನ್ನ ಎದ್ದ ಸದ್ದಿಗೆ ಕಿಟಕಿಗಳಲ್ಲೆಲ್ಲ ತಮ್ಮ ಸಿಬ್ಬಂದಿಯ ತಲೆಗಳು ಕಂಡವು. ಚಂದ್ರಕ್ಕ ಬಾಗಿಲ ಬಳಿ ಹೋಗಿ, ‘ಸಾಹೇಬ್ರೇ, ಚೂರು ಇಳೀರಿ’ ಅಂದಳು. ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಆವರಣವನ್ನು ಎರಡು ಸುತ್ತು ಹಾಕಿ, ತಾವು ಹೇಳಿದ ಗೆರೆಯ ಮೇಲೆ ಹಿಮ್ಮುಖವಾಗಿ ತಂದು ನಿಲ್ಲಿಸಿದಳು. ಒಂದು ಸದ್ದಿಲ್ಲ. ತಾವೂ ಒಂದು ಕ್ಷಣ ನಕ್ಕಿರಿ, ನಾನು ನೋಡಿದೆ. ಆಮೇಲೆ ಒಳಗೆ ಹೋಗಿ ಷರಾ ಬರೆದಿರಿ.

ನಮೂನೆಯಲ್ಲಿ ‘ಅರ್ಜಿದಾರರ ಪತ್ನಿ ಓಡಿಸಿದರು’ ಎಂದು ಬರೆಯಲು ಕಾಲಂ ಇರಲಿಲ್ಲವೇ? ಅಥವಾ ನನಗೆ ಆ ಹುಣಸೆಮರದ ಕೆಳಗೆ ಆದ ಸಂಕಟವೇ ತಮಗೂ ಆಯಿತೇ? ಹಾಗಿದ್ದರೆ ನಾವಿಬ್ಬರೂ ಒಂದೇ ದೋಣಿಯಲ್ಲಿದ್ದೇವೆ. ತಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಗಾಡಿ ನಿಂತಿರುವುದರಿಂದ ನಮ್ಮ ಕುರಿಗಳು ಕಂಡವರ ಗಾಡಿಯಲ್ಲಿ ಸಂತೆಗೆ ಹೋಗುತ್ತಿವೆ. ಬಾಗೂರಿನ ತನ್ನ ತವರಿಗೆ ತಾನೇ ಓಡಿಸಿಕೊಂಡು ಹೋಗುವೆನೆಂದು ಹೇಳಿಕಳಿಸಿದ್ದ ಚಂದ್ರಕ್ಕ, ಅಲ್ಲಿಂದ ಫೋನು ಬಂದರೆ ಎತ್ತುತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆ ಷರಾ ರದ್ದುಪಡಿಸಿ, ಮರುಪರೀಕ್ಷೆಗೆ ದಿನ ಗೊತ್ತುಮಾಡಿ. ಗಾಡಿ ಚಂದ್ರಕ್ಕನೇ ಓಡಿಸಲಿ, ಕಂಡದ್ದನ್ನು ತಾವು ಬರೆಯಿರಿ.

ಇಷ್ಟನ್ನೂ ಅವಳಿಗೆ ಓದಿ ಹೇಳಿದೆ. ‘ಅವ್ರನ್ನ ಅಷ್ಟು ಆಡ್ಕಬ್ಯಾಡ. ಮೊದಲ್ನೇ ದಿನ ನಾನು ಏಳು ಸಲ ಆಫ್ ಮಾಡಿದ್ದೆ, ಅವ್ರು ಮೂರೇ ಸಲ. ಬೇಗ ಕಲೀತಾರೆ. ಬರ್ರಿ, ಹೇಳ್ಕೊಡ್ತೀನಿ ಅಂತ ಬರಿ’ ಅಂದಳು. ಬರೆದಿದ್ದೇನೆ.

ಇಂತಿ,
ಸ್ವಂತ ಗಾಡಿಯಲ್ಲಿ ಪ್ರಯಾಣಿಕನಾಗಲು ಅನುಮತಿ ಕೋರಿರುವ
ಗುಡ್ಡಪ್ಪ, ಮದಕರಿಪುರ