ಆರನೆಯ ತರಗತಿಯ ಸೊನ್ನೆ

ಪ್ಲಮ್ ಬೀದಿ, ಒಹಾಯೊ
ಸೆಪ್ಟೆಂಬರ್ ೧೯

ಪ್ರೀತಿಯ ಅಜ್ಜೀ,

ನಿನ್ನ ಮಂಡಿನೋವು ಹೇಗಿದೆ? ಅಲಬಾಮಾದ ಬಿಸಿಲಿಗೆ ಸ್ವಲ್ಪ ಸಡಿಲವಾಗಿರಬೇಕು. ದೊಡ್ಡಜ್ಜಿಯ ಸೊಂಟದ ಮೂಳೆ ಕೂಡಿಕೊಳ್ಳುವವರೆಗೆ ಅಲ್ಲೇ ಇರು. ನಾನು ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡಿದ ಕಾರ್ನ್‌ಬ್ರೆಡ್ ತಿಂದು ಟ್ರೆನೀಸ್, "ಇದ್ರಲ್ಲಿ ಗೋಡೆ ಕಟ್ಬಹುದು ಅಕ್ಕಾ" ಅಂದಳು. ಅದು ಹೋದ ವಾರ. ಈ ವಾರ ಅವಳ ಬಾಯಲ್ಲಿ ತಮಾಷೆಯೇ ಇಲ್ಲ.

ಎಂಟನೆಯ ತರಗತಿಯವರೆಗೆ ಇದ್ದ ನಮ್ಮ ಶಾಲೆಯನ್ನು ಐದಕ್ಕೆ ಕತ್ತರಿಸಿದ್ದು ನಿನಗೆ ಗೊತ್ತು. ಆರನೆಯವರೆಲ್ಲ ಈಗ ಹೆದ್ದಾರಿಯಾಚೆಯ ಶಾಲೆಗೆ ಬಸ್ಸಿನಲ್ಲಿ ಹೋಗಬೇಕು. ಇಲ್ಲೇ ಇದ್ದಿದ್ದರೆ ಟ್ರೆನೀಸ್ ಈ ವರ್ಷ ಒಂದನೆಯ ತರಗತಿಯ ಪುಟ್ಟವರಿಗೆ ಕೂಡುವುದು, ಕಳೆಯುವುದು ಹೇಳಿಕೊಡುತ್ತಿದ್ದಳು. ಶಾಲೆಯ ಅಡುಗೆಯವಳಾಗಿ ನೀನು ಬಡಿಸಿದ ಬಟಾಣಿ ಎಣಿಸಿಯೇ ಅಲ್ಲವೇ ನಾನೂ ದೊಡ್ಡ ಹುಡುಗಿಯರಿಂದ ಕಲಿತದ್ದು? "ಲೆಕ್ಕ ಆಯ್ತಾ? ಬಾಯಿಗೆ ಹಾಕ್ಕೊಳ್ರೇ, ತಣ್ಣಗಾಗ್ತಿದೆ" ಎಂದು ನೀನು ಊಟದ ಹಾಲ್‌ಗೆಲ್ಲ ಕೇಳುವಂತೆ ಗದರುತ್ತಿದ್ದೆ. ಮೊದಲು ಮುಗಿಸಿದವರು ಪಕ್ಕದವರಿಗೆ ದಾರಿ ತೋರಿಸಬೇಕು, ಅದು ಅಲ್ಲಿಯ ನಿಯಮ.

ಹೊಸ ಶಾಲೆಯಲ್ಲಿ ಗಣಿತಕ್ಕೆ ಮೇಲಿನ ಗುಂಪು, ಕೆಳಗಿನ ಗುಂಪು ಎಂದು ವಿಂಗಡಿಸಲು ಈ ವಾರದ ಮೊದಲ ದಿನವೇ ಪರೀಕ್ಷೆ. ಟ್ರೆನೀಸ್ ಎಲ್ಲರಿಗಿಂತ ಮೊದಲು ಮುಗಿಸಿದಳು. ಪಕ್ಕದ ಹುಡುಗಿ ಭಿನ್ನರಾಶಿ ನೋಡಿ ಅಳುತ್ತಿದ್ದಳಂತೆ. "ಉತ್ತರ ಹೇಳಿಲ್ಲ ಅಕ್ಕಾ, ಛೇದ ಒಂದೇ ಮಾಡ್ಕೋ ಅಂದೆ, ಅಷ್ಟೇ." ಮೇಲ್ವಿಚಾರಕಿ ಇಬ್ಬರ ಹಾಳೆಯನ್ನೂ ಕಿತ್ತುಕೊಂಡು ಸೊನ್ನೆ ಹಾಕಿದರು. ನಕಲಂತೆ!

ನಾನೇ ಆ ಶಾಲೆಗೆ ಹೋದೆ ಅಜ್ಜಿ. ನಾಲ್ಕು ವರ್ಷ ಕಾದಂಬರಿ ಓದಿ ಪದವಿ ತಂದವಳು ಕಚೇರಿಯಲ್ಲಿ ನಿಂತು ಮರುಪರೀಕ್ಷೆಯ ಅರ್ಜಿ ಕೇಳಿದೆ. "ನಿಮ್ಮ ಕಡೆ ಮಕ್ಕಳಿಗೆ ಕೆಳಗಿನ ಗುಂಪೇ ಸಲೀಸು ಕಣಮ್ಮ, ಒತ್ತಡ ಇರಲ್ಲ" ಎಂದರು ಗುಂಪು ಹಾಕುವ ಮೇಡಂ, ನಗುನಗುತ್ತಲೇ. ಬರುವಾಗ ಬಾಗಿಲ ಗಾಜಿನಿಂದ ಇಣುಕಿದೆ. ಕೆಳಗಿನ ಗುಂಪಿನ ತುಂಬ ನಮ್ಮ ಬೀದಿಯ ಕಪ್ಪು ಮಕ್ಕಳು, ಎರಡರ ಮಗ್ಗಿ ಬರೆಯುತ್ತಿದ್ದಾರೆ. ಮೇಲಿನದರಲ್ಲಿ ನಮ್ಮವರು ಇಬ್ಬರೇ. ಈಗ ಕೆಳಗೆ ಬಿದ್ದವರಿಗೆ ಎಂಟನೆಯಲ್ಲಿ ಬೀಜಗಣಿತವಿಲ್ಲ, ಆಮೇಲೆ ಯಾವ ಬಾಗಿಲೂ ಇಲ್ಲ. ಅದನ್ನೂ ಸಹಿಸಬಹುದಿತ್ತೇನೋ. ರಾತ್ರಿಯೂಟಕ್ಕೆ ಕೂತಾಗ ಟ್ರೆನೀಸ್, "ಇನ್ಮೇಲೆ ಯಾರಿಗೂ ಹೇಳ್ಕೊಡಲ್ಲ" ಅಂದಳು. ಸಿಟ್ಟಿಗೆ ನನ್ನ ಅಕ್ಷರ ನೆಟ್ಟಗೆ ಬರುತ್ತಿಲ್ಲ, ಹೇಗೋ ಓದಿಕೋ.

ದೊಡ್ಡಜ್ಜಿಗೆ ನಮ್ಮಿಬ್ಬರ ಮುತ್ತು. ಮಂಡಿಗೆ ಎಣ್ಣೆ ಹಚ್ಚುವುದು ಬಿಡಬೇಡ.

ನಿನ್ನ
ಒಡೆಟ್

ಮರೆತಿದ್ದೆ: ಫೋನಿನಲ್ಲಿ ಹೇಳಿದರೆ ಟ್ರೆನೀಸ್ ಕೇಳಿಸಿಕೊಳ್ಳುತ್ತಾಳೆಂದು ಬರೆಯುತ್ತಿದ್ದೇನೆ. ಮರುಪರೀಕ್ಷೆಯ ಅರ್ಜಿಗೆ ಪೋಷಕರ ಸಹಿ, ಅಂದರೆ ನಿನ್ನದೇ, ಬೇಕಿತ್ತು, ಇವತ್ತೇ ಕೊನೆಯ ದಿನ. ನಿನ್ನ ಸಹಿಯನ್ನು ನಾನೇ ಹಾಕಿದೆ, ಕೊನೆಯಲ್ಲಿ ನೀನು ಎಳೆಯುವ ಬಾಲದ ಸಮೇತ. ಮುಂದಿನ ವಾರ ಆ ಮೇಡಂ ನಿನಗೆ ಫೋನ್ ಮಾಡುತ್ತಾರೆ. "ನಾನೇ ಹಾಕಿದ್ದು" ಅನ್ನು, ಊಟದ ಹಾಲ್‌ನಲ್ಲಿ ಗದರುತ್ತಿದ್ದ ದನಿಯಲ್ಲಿ. ಈ ಮನೆಯಲ್ಲಿ ನಕಲು ಮಾಡಿದವಳು ಒಬ್ಬಳೇ ಅಜ್ಜಿ, ಅವಳಿಗೆ ಹನ್ನೊಂದು ವರ್ಷವಲ್ಲ.