ಚಿಕ್ಕಮ್ಮನ ಎದೆಯಲ್ಲಿ ಇದ್ದದ್ದು

ಮಾರ್ಚ್ ೯, ಸೋಮವಾರ.

ತಂಗಿಯ ವರದಿ ಬಂತು. ಕ್ಷಯವಲ್ಲ, ಶ್ವಾಸಕೋಶದಲ್ಲಿ ಫಂಗಸ್ ಅಂತೆ. ಔಷಧಿ ಬದಲಾಯಿಸಿದ್ದಾರೆ, ಬದುಕುತ್ತಾಳೆ.

ಹೋದ ವಾರ ದೊಡ್ಡ ಡಾಕ್ಟರು, "ಇದು ಕ್ಷಯಾನೇ. ಕೆಮ್ಮು, ಎಕ್ಸ್‌ರೇ ಎಲ್ಲಾ ಒಂದಕ್ಕೊಂದು ಹೊಂದುತ್ತೆ. ಮಾತ್ರೆಗೆ ಜ್ವರಾನೂ ಇಳಿದಿದೆ. ಇನ್ನೇನು ಬೇಕು?" ಎಂದಿದ್ದರು. ಹೊಂದಿದರೆ ಸತ್ಯ, ಫಲ ಕೊಟ್ಟರೆ ಸತ್ಯ. ಸತ್ಯ ಎಂದರೇನು ಎಂಬುದಕ್ಕೆ ಕಾಲೇಜಿನ ತತ್ತ್ವಶಾಸ್ತ್ರದ ತರಗತಿಯಲ್ಲಿ ನಾನು ಪಾಠ ಮಾಡುವ ಮೂರು ವಾದಗಳಲ್ಲಿ ಈ ಎರಡೂ ಅವರ ಕಡೆಗಿದ್ದವು.

ಅದೇ ಆಸ್ಪತ್ರೆಯ ಕಿರಿಯ ಡಾಕ್ಟರು, ನನ್ನ ಮಗಳು, ಪಟ್ಟು ಬಿಡಲಿಲ್ಲ. "ಹೊಂದುತ್ತೆ ಸರ್. ಆದ್ರೆ ಚಿಕ್ಕಮ್ಮನ ಎದೇಲಿ ಅದು ಇದೆಯಾ ಅಂತ ಯಾರೂ ನೋಡೇ ಇಲ್ವಲ್ಲ!" ಎಂದಳು. ಹಟ ಹಿಡಿದು ಪರೀಕ್ಷೆ ಮಾಡಿಸಿದಳು.

ಇದ್ದದ್ದನ್ನು ಇದ್ದಂತೆ ಹೇಳುವುದೇ ಸತ್ಯ ಎಂಬುದು ಮೂರನೆಯ ವಾದ. ಇಂದು ಅದು ನನ್ನ ತಂಗಿಯನ್ನು ಉಳಿಸಿತು.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಎನ್ನಲಿ. ನನ್ನ ಮಗಳ ವಿಷಯದಲ್ಲಿ ನಾನು ಹೇಳುತ್ತಿರುವುದು ಇದ್ದದ್ದು ಇದ್ದ ಹಾಗೇ...